ಮನೆಯಲ್ಲಿ ಮುದ್ರಿಸಿದ ಡೆಮೊ ಕೇಳಿ ಬ್ಯಾಂಡೊಂದು ಹಾಡು ಕಟ್ಟುವ ಬಗೆಯನ್ನು ತಿಳಿಯುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಕೀಸುಳಿ ಹಿಡಿದು ನುಣುಪು ಮಾಡಿದ ಹಲಗೆಯಲ್ಲಿ ಬಾಚಿಯ ಏಟು ಕಾಣುವುದಿಲ್ಲ. ಆಲ್ಬಂನಲ್ಲಿ ನಮ್ಮ ಕಿವಿಗೆ ಬೀಳುವ ಹಾಡಿನ ಸ್ಥಿತಿಯೂ ಹಾಗೆಯೇ. ಯಾವ ಸಾಲು ಮೊದಲು ಹೊಳೆಯಿತು, ಯಾವ ಚರಣ ಕೊನೆಯ ಗಳಿಗೆಯಲ್ಲಿ ಸೇರಿತು, ಡ್ರಮ್ಸ್ ನುಡಿಸುವವರು ಬರುವ ಮುನ್ನ ಹಾಡಿನ ನಡೆ ಹೇಗಿತ್ತು ಎಂಬ ಗುರುತುಗಳು ಸ್ಟುಡಿಯೊದಲ್ಲಿ ಒಂದೊಂದಾಗಿ ಅಳಿಸಿಹೋಗಿರುತ್ತವೆ. ಅಂಥ ಗುರುತುಗಳು ಉಳಿದಿರುವುದು ಮನೆಯ ಮೂಲೆಯಲ್ಲಿ ಒಂದೆರಡು ಮೈಕು ಇಟ್ಟು ಮುದ್ರಿಸಿಕೊಂಡ ಡೆಮೊಗಳಲ್ಲಿ, ಅಂದರೆ ಹಾಡಿನ ಕಚ್ಚಾ ಮಾದರಿಗಳಲ್ಲಿ. ಈಗ ಹಳೆಯ ಆಲ್ಬಂಗಳ ವಿಸ್ತೃತ ಆವೃತ್ತಿಗಳ ಜೊತೆಗೆ ಇವು ಧಾರಾಳವಾಗಿ ಸಿಗುತ್ತಿವೆಯಾದರೂ ಹೆಚ್ಚಿನವರು ಒಮ್ಮೆ ಕುತೂಹಲಕ್ಕೆ ಕೇಳಿ, ‘ಮುಗಿದ ಹಾಡೇ ಚೆನ್ನಾಗಿದೆ’ ಎಂದು ಬದಿಗಿಡುತ್ತಾರೆ. ಡೆಮೊವನ್ನು ಅರೆಬೆಂದ ಹಾಡೆಂದು ಕೇಳುವುದರಿಂದಲೇ ಹೀಗಾಗುತ್ತದೆ. ಆ ದಿನದ ಮಟ್ಟಿಗೆ ಬರೆದವರು ಏನನ್ನು ತೀರ್ಮಾನಿಸಿದ್ದರು, ಏನನ್ನು ನಾಳೆಗೆ ಬಿಟ್ಟಿದ್ದರು ಎಂಬ ದಾಖಲೆಯಾಗಿ ಕೇಳಿದರೆ ಅದೇ ಮೂರು ನಿಮಿಷಗಳು ಬೇರೆಯೇ ಕಥೆ ಹೇಳುತ್ತವೆ.

ಇದಕ್ಕೆ ಸಂಗೀತದ ಪದವಿಯೇನೂ ಬೇಕಿಲ್ಲ. ಒಳ್ಳೆಯ ಹೆಡ್‌ಫೋನು, ಒಂದು ನೋಟ್‌ಬುಕ್ಕು, ಸಾಧ್ಯವಾದರೆ ಕೈಗೆಟುಕುವಲ್ಲಿ ಗಿಟಾರೋ ಕೀಬೋರ್ಡೋ ಇದ್ದರೆ ಸಾಕು. ಒಂದು ಹಾಡಿಗೆ ಒಂದು ಸಂಜೆಯನ್ನಾದರೂ ಎತ್ತಿಡಬೇಕು.

ಮೊದಲ ಹೆಜ್ಜೆ: ಕೈಯಲ್ಲಿರುವುದು ಎಂಥ ಡೆಮೊ ಎಂದು ಗೊತ್ತುಮಾಡಿಕೊಳ್ಳಿ

ಮುದ್ರಣ ಕಂಪನಿಗಳು ‘ಡೆಮೊ’ ಎಂಬ ಒಂದೇ ಚೀಟಿಯನ್ನು ಕನಿಷ್ಠ ಮೂರು ಬಗೆಯ ಸರಕಿಗೆ ಅಂಟಿಸುತ್ತವೆ: ಬರೆದವರು ಒಬ್ಬರೇ ಕುಳಿತು ಮುದ್ರಿಸಿದ್ದು, ಇಡೀ ಬ್ಯಾಂಡು ಅಭ್ಯಾಸದ ಕೋಣೆಯಲ್ಲಿ ನುಡಿಸಿದ್ದು, ಸ್ಟುಡಿಯೊವನ್ನೇ ಬಾಡಿಗೆಗೆ ಹಿಡಿದು ಮಾಡಿದ್ದು. ನಮಗೆ ಬೇಕಾದುದು ಮೊದಲನೆಯದು. ಹಾಡುವವರ ಧ್ವನಿ ಮತ್ತು ವಾದ್ಯ ಎರಡೂ ಒಂದೇ ಕೋಣೆಯ ಗುಂಗಿನಲ್ಲಿ ಕೇಳುತ್ತಿದ್ದರೆ, ಕುರ್ಚಿಯ ಕಿರುಗುಟ್ಟುವಿಕೆಯೋ ಯಂತ್ರದ ಗುಂಡಿ ಒತ್ತಿದ ಸದ್ದೋ ಉಳಿದಿದ್ದರೆ, ಡ್ರಮ್ಸ್ ಬದಲಿಗೆ ಯಾರೋ ಕೈಯಲ್ಲಿ ತೊಡೆಯನ್ನೋ ಗಿಟಾರಿನ ಮೈಯನ್ನೋ ತಟ್ಟುತ್ತಿದ್ದರೆ ಅದು ಮನೆಯದೇ ಎಂದು ಬಹುಮಟ್ಟಿಗೆ ನಂಬಬಹುದು.

ಅದಾದ ಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇದಕ್ಕಿಂತ ಮುಖ್ಯವಾದದ್ದು: ಇದನ್ನು ಯಾರ ಕಿವಿಗಾಗಿ ಮುದ್ರಿಸಲಾಯಿತು? ರೇಡಿಯೊಹೆಡ್ ಎಂಬ ಬ್ರಿಟಿಷ್ ರಾಕ್ ತಂಡದ ಗಾಯಕ ಥಾಮ್ ಯಾರ್ಕ್ ‘ಓಕೆ ಕಂಪ್ಯೂಟರ್’ ಆಲ್ಬಂ ರೂಪುಗೊಳ್ಳುತ್ತಿದ್ದ ಕಾಲದಲ್ಲಿ ತಮ್ಮ ಬಳಕೆಗೆಂದು ತುಂಬಿಸಿಟ್ಟ ಮಿನಿಡಿಸ್ಕ್‌ಗಳು 2019ರಲ್ಲಿ ಕಳವಾಗಿ ಹೊರಬಿದ್ದಾಗ ತಂಡವೇ 18 ಡಿಸ್ಕ್‌ಗಳಷ್ಟು ಧ್ವನಿಯನ್ನು ಮಾರಾಟಕ್ಕಿಟ್ಟಿತು. ಅದರಲ್ಲಿ ತುಣುಕುಗಳಿವೆ, ಅರ್ಧಕ್ಕೆ ನಿಂತ ಯೋಚನೆಗಳಿವೆ, ಮತ್ತೆಮತ್ತೆ ಹಿಂದಿರುಗಿ ಬರುವ ಅದೇ ರಾಗದ ಎಳೆಗಳಿವೆ. ತನಗಾಗಿ ಮುದ್ರಿಸಿಕೊಳ್ಳುವವರು ತಡವರಿಸಲು ಹಿಂಜರಿಯುವುದಿಲ್ಲ. ಬ್ಯಾಂಡಿನ ಇತರರಿಗೆ ಕೇಳಿಸಲು ಮಾಡಿದ ಡೆಮೊ ಹಾಗಲ್ಲ. ಅದು ಅಷ್ಟರಮಟ್ಟಿಗೆ ಶುದ್ಧಪ್ರತಿ. ಹತ್ತು ಸಲ ತಪ್ಪಿ ಹನ್ನೊಂದನೆಯ ಸಲ ಸರಿಯಾದದ್ದನ್ನೇ ನಾವು ಕೇಳುತ್ತಿರುತ್ತೇವೆ. ಈ ವ್ಯತ್ಯಾಸವನ್ನು ಗಮನಿಸದೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ, ‘ಈ ಕವಿಗೆ ಹಾಡು ಒಂದೇ ಏಟಿಗೆ ಬರುತ್ತಿತ್ತು’ ಎಂಬಂಥ ಸುಳ್ಳು ದಂತಕಥೆಗಳು ಹುಟ್ಟುತ್ತವೆ.

ಎರಡನೆಯ ಹೆಜ್ಜೆ: ಯಂತ್ರವನ್ನು ಗುರುತಿಸಿ

ಯಾವ ಯಂತ್ರದಲ್ಲಿ ಮುದ್ರಿಸಿದರು ಎಂಬುದು ಹಾಡಿನ ಆಕಾರವನ್ನೇ ಬದಲಿಸಬಲ್ಲದು. ಟೀಯಾಕ್ ಸಂಸ್ಥೆ 1979ರಲ್ಲಿ ತಂದ ಪೋರ್ಟಾಸ್ಟುಡಿಯೊ 144 ಎಂಬ ಯಂತ್ರವು ಸಾಮಾನ್ಯ ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕ್‌ಗಳನ್ನು, ಅಂದರೆ ಧ್ವನಿಯ ಪದರಗಳನ್ನು, ಬೇರೆಬೇರೆಯಾಗಿ ಮುದ್ರಿಸಲು ಅವಕಾಶ ಕೊಟ್ಟಿತು. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನಲ್ಲಿದ್ದ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಇದೇ ಯಂತ್ರವನ್ನಿಟ್ಟುಕೊಂಡು ಕುಳಿತಾಗ ಹಾಡಿಗೂ ಗಿಟಾರಿಗೂ ತಲಾ ಒಂದು ಟ್ರ್ಯಾಕ್ ಹೋದರೆ ಉಳಿಯುತ್ತಿದ್ದುದು ಎರಡೇ. ಎರಡೇ ಉಳಿದಿವೆ ಎಂದಾಗ ಮನುಷ್ಯ ಯೋಚಿಸಿಯೇ ಖರ್ಚು ಮಾಡುತ್ತಾನೆ. ಹಾಡಿಗೆ ಇದಿಲ್ಲದೆ ಆಗದು ಎಂದು ಅನ್ನಿಸಿದ್ದನ್ನು ಮಾತ್ರ ಸೇರಿಸುತ್ತಾನೆ. ಆದ್ದರಿಂದ ನಾಲ್ಕು ಟ್ರ್ಯಾಕಿನ ಡೆಮೊ ಸಿಕ್ಕಾಗ, ಮೂರನೆಯ ಮತ್ತು ನಾಲ್ಕನೆಯ ಟ್ರ್ಯಾಕಿಗೆ ಏನನ್ನು ಆರಿಸಿದರು ಎಂದು ಮೊದಲು ಬರೆದುಕೊಳ್ಳಿ. ಎರಡನೆಯ ಧ್ವನಿಯೇ, ಮೌತ್ ಆರ್ಗನ್ನೇ, ಇನ್ನೊಂದು ಗಿಟಾರೇ? ಬರೆದವರ ಮನಸ್ಸಿನಲ್ಲಿ ಹಾಡಿನ ಜೀವ ಎಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಸಿಗುವುದು ಅಪರೂಪ. ಎಷ್ಟು ಬೇಕಾದರೂ ಟ್ರ್ಯಾಕ್ ಸೇರಿಸಬಹುದಾದ ಈಗಿನ ಲ್ಯಾಪ್‌ಟಾಪ್ ಡೆಮೊಗಳು ಈ ವಿಷಯದಲ್ಲಿ ಬಾಯಿ ಬಿಡುವುದಿಲ್ಲ.

ಯಂತ್ರದ ಬಗ್ಗೆ ಒಂದು ಎಚ್ಚರಿಕೆ, ನನ್ನದೇ ಪೆಟ್ಟಿನಿಂದ ಕಲಿತದ್ದು. ಒಮ್ಮೆ ಒಂದು ಡೆಮೊ ಮುಗಿದ ಹಾಡಿಗಿಂತ ಅರ್ಧ ಸ್ವರ ಕೆಳಗಿರುವುದನ್ನು ಕಂಡು, ಗಾಯಕರು ರಾತ್ರಿ ಹೊತ್ತು ಮನೆಯವರಿಗೆ ತೊಂದರೆಯಾಗದಂತೆ ಮೆಲುದನಿಯಲ್ಲಿ ಹಾಡಲು ಶ್ರುತಿ ತಗ್ಗಿಸಿರಬೇಕೆಂದು ಎರಡು ಪುಟ ಬರೆದಿದ್ದೆ. ಆಮೇಲೆ ಲೆಕ್ಕ ಹಾಕಿದರೆ ಕ್ಯಾಸೆಟ್ಟು ನಿಧಾನವಾಗಿ ಓಡಿತ್ತು, ಅಷ್ಟೆ. ಟೇಪಿನ ವೇಗ ಸುಮಾರು 6 ಪ್ರತಿಶತ ಬದಲಾದರೆ ಶ್ರುತಿ ಸರಿಯಾಗಿ ಅರ್ಧ ಸ್ವರದಷ್ಟು ಏರುತ್ತದೆ ಅಥವಾ ಇಳಿಯುತ್ತದೆ, ಜೊತೆಗೆ ಹಾಡಿನ ನಡೆಯೂ ಅಷ್ಟೇ ಪ್ರಮಾಣದಲ್ಲಿ ಬದಲಾಗುತ್ತದೆ. ನಿಮಿಷಕ್ಕೆ 120 ಬಡಿತದ ಹಾಡು 127ಕ್ಕೆ ಏರಿ ಶ್ರುತಿಯೂ ಅರ್ಧ ಸ್ವರ ಮೇಲೆ ಹೋಗಿದ್ದರೆ ಯಂತ್ರವನ್ನು ಶಂಕಿಸಿ. ಶ್ರುತಿ ಮಾತ್ರ ಬದಲಾಗಿ ನಡೆ ಹಾಗೆಯೇ ಉಳಿದಿದ್ದರೆ ಅದು ಮನುಷ್ಯರ ತೀರ್ಮಾನ. ಗಿಟಾರಿನ ಖಾಲಿ ತಂತಿಗಳ ದನಿಯೂ ನೆರವಿಗೆ ಬರುತ್ತದೆ, ಏಕೆಂದರೆ ಖಾಲಿ ತಂತಿ ಝೇಂಕರಿಸುವ ಬಗೆಯನ್ನು ಬೆರಳಿಟ್ಟು ಒತ್ತಿದ ತಂತಿ ಅನುಕರಿಸಲಾರದು.

ಮೂರನೆಯ ಹೆಜ್ಜೆ: ಪೆನ್ನು ಮುಟ್ಟದೆ ಒಮ್ಮೆ, ಗಡಿಯಾರ ಹಿಡಿದು ಇನ್ನೊಮ್ಮೆ

ಮೊದಲ ಸಲ ಸುಮ್ಮನೆ ಕೇಳಿ. ಎರಡನೆಯ ಸಲ, ಪಲ್ಲವಿ ಎಷ್ಟನೆಯ ಸೆಕೆಂಡಿಗೆ ಬಂತು, ಚರಣಗಳೆಷ್ಟು, ನಡುವೆ ಬೇರೆ ರಾಗದ ಬ್ರಿಜ್ ಇದೆಯೇ, ಹಾಡು ನಿಂತಿತೋ ಅಥವಾ ಸುಮ್ಮನೆ ಕ್ಷೀಣಿಸಿತೋ ಎಂದು ಸಮಯಸಹಿತ ಪಟ್ಟಿ ಮಾಡಿ. ಮುಗಿದ ಹಾಡಿಗೂ ಹೀಗೆಯೇ ಮಾಡಿ ಎರಡನ್ನೂ ಅಕ್ಕಪಕ್ಕ ಇಡಿ. ನಡುವಿನ ಹಂತದ ಅಭ್ಯಾಸದ ಮುದ್ರಣ, ವೇದಿಕೆಯ ಮುದ್ರಣ ಸಿಕ್ಕರೆ ಕಾಲಕ್ರಮದಲ್ಲಿ ಸೇರಿಸಿ.

ನಾಲ್ಕನೆಯ ಹೆಜ್ಜೆ: ಪದಗಳ ನಡುವಿನ ಗೊಣಗಾಟವನ್ನು ಬರೆದುಕೊಳ್ಳಿ

ಇಲ್ಲಿ ನಿಧಾನಿಸಬೇಕು, ಏಕೆಂದರೆ ಡೆಮೊ ಕೊಡುವ ಫಸಲಿನಲ್ಲಿ ಬಹುಪಾಲು ಇಲ್ಲಿಯೇ ಇದೆ. ಟ್ಯೂನ್ ಮೊದಲು ಹೊಳೆದಿದ್ದರೆ ಬರೆಯುವವರು ಪದ ಸಿಗದ ಜಾಗಕ್ಕೆ ‘ತನನ’ ಎನ್ನುವಂಥ ಏನಾದರೊಂದು ಉಲಿಯನ್ನು ತುಂಬುತ್ತಾರೆ. ಅರ್ಥವಿಲ್ಲದ ಡಮ್ಮಿ ಸಾಲುಗಳನ್ನು ಹಾಕಿ ಮುಂದೆ ಹೋಗುತ್ತಾರೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ‘ಯೆಸ್ಟರ್‌ಡೇ’ ಹಾಡಿನ ಮಟ್ಟಿಗೆ ಪದ ಹೊಳೆಯುವವರೆಗೆ ‘ಸ್ಕ್ರಾಂಬಲ್ಡ್ ಎಗ್ಸ್’ ಎಂದು ಹಾಡಿಕೊಳ್ಳುತ್ತಿದ್ದುದು ಪ್ರಸಿದ್ಧವಾದ ಸಂಗತಿ. ಹೀಗಾಗಿ ನಿಮ್ಮ ನೋಟ್‌ಬುಕ್ಕಿನಲ್ಲಿ ಸಾಹಿತ್ಯವನ್ನು ಬರೆದುಕೊಳ್ಳುವಾಗ ಸ್ಪಷ್ಟವಾದ ಪದ, ಗೊಣಗು, ಪೂರ್ತಿ ಖಾಲಿ ಎಂಬ ಮೂರು ಬಗೆಗೂ ಬೇರೆಬೇರೆ ಗುರುತು ಇಟ್ಟುಕೊಳ್ಳಿ. ನಾನು ಅಡಿಗೆರೆ, ಅಲೆಗೆರೆ ಮತ್ತು ಚೌಕ ಬಳಸುತ್ತೇನೆ. ಒಂದು ಪುಟ ತುಂಬಿದ ಮೇಲೆ ದೂರದಿಂದ ನೋಡಿದರೆ ಹಾಡು ಎಲ್ಲಿಂದ ಬೆಳೆಯತೊಡಗಿತು ಎಂಬುದು ಕಣ್ಣಿಗೇ ಕಾಣುತ್ತದೆ: ಅಡಿಗೆರೆ ದಟ್ಟವಾಗಿರುವ ಕಡೆ ಬೇರು, ಚೌಕಗಳಿರುವ ಕಡೆ ಇನ್ನೂ ಚಿಗುರದ ಕೊಂಬೆ.

ಗೊಣಗಿನಲ್ಲಿಯೂ ಕಿವಿಗೊಟ್ಟರೆ ಸ್ವರಾಕ್ಷರಗಳು ಸಿಗುತ್ತವೆ. ಎತ್ತರದ, ಉದ್ದಕ್ಕೆ ಎಳೆಯುವ ಸ್ವರಕ್ಕೆ ‘ಆ’ ಎಂದು ಬಾಯಿ ತೆರೆದಿದ್ದರೆ ಮುಗಿದ ಹಾಡಿನಲ್ಲಿಯೂ ಅಲ್ಲಿ ಬಾಯಿ ತೆರೆಸುವ ಪದವೇ ಕುಳಿತಿರುವುದನ್ನು ಹಲವು ಸಲ ನೋಡಬಹುದು. ಅರ್ಥ ಆಮೇಲೆ ಬಂದು ದನಿ ಮೊದಲೇ ನಿಗದಿಯಾಗಿತ್ತು ಎಂಬುದಕ್ಕೆ ಅದು ಗುರುತು.

ಪದ ಬದಲಾದಾಗ ‘ಇದು ಮೊದಲಿನದಕ್ಕಿಂತ ಉತ್ತಮ ಪದ’ ಎಂಬ ಉತ್ತರಕ್ಕೆ ತೃಪ್ತಿಪಡಬೇಡಿ. 1968ರ ಮೇ ತಿಂಗಳ ಕೊನೆಯಲ್ಲಿ ಬೀಟಲ್ಸ್ ತಂಡದವರು ಇಂಗ್ಲೆಂಡಿನ ಈಷರ್‌ನಲ್ಲಿದ್ದ ಜಾರ್ಜ್ ಹ್ಯಾರಿಸನ್ ಅವರ ಮನೆಯಲ್ಲಿ ಸೇರಿ ನಾಲ್ಕು ಟ್ರ್ಯಾಕಿನ ಯಂತ್ರದಲ್ಲಿ ಮುದ್ರಿಸಿದ ಡೆಮೊಗಳಲ್ಲಿ ಜಿಪುಣನೊಬ್ಬನ ಬಗೆಗಿನ ‘ಮೀನ್ ಮಿಸ್ಟರ್ ಮಸ್ಟರ್ಡ್’ ಕೂಡ ಇದೆ. ಅದರಲ್ಲಿ ಆ ಜಿಪುಣನ ತಂಗಿಯ ಹೆಸರು ಶರ್ಲಿ. ಮರುವರ್ಷ ‘ಆಬಿ ರೋಡ್’ ಆಲ್ಬಂನಲ್ಲಿ ಆಕೆ ಪ್ಯಾಮ್ ಆಗುತ್ತಾಳೆ. ಹಾಡನ್ನು ಒಂಟಿಯಾಗಿ ಕೇಳಿದರೆ ಈ ಬದಲಾವಣೆಗೆ ಕಾರಣವೇ ತೋರುವುದಿಲ್ಲ. ಆಲ್ಬಂನಲ್ಲಿ ಅದರ ಬೆನ್ನಿಗೇ ಬರುವ ಹಾಡು ‘ಪಾಲಿಥೀನ್ ಪ್ಯಾಮ್’ ಎಂಬುದನ್ನು ನೋಡಿದಾಗ, ಒಂದೇ ಒಂದು ಹೆಸರನ್ನು ಕೊಂಡಿಯಾಗಿ ಬಳಸಿ ಎರಡು ತುಂಡು ಹಾಡುಗಳನ್ನು ಜೋಡಿಸಿದ್ದಾರೆಂದು ತಿಳಿಯುತ್ತದೆ. ಅಂದರೆ ಪದವೊಂದು ಬದಲಾದುದಕ್ಕೆ ಕಾರಣ ಆ ಸಾಲಿನಲ್ಲಿ ಇಲ್ಲದೆ ಪಕ್ಕದ ಹಾಡಿನಲ್ಲಿಯೂ ಇರಬಹುದು.

ಐದನೆಯ ಹೆಜ್ಜೆ: ಕೈ ಮೊದಲೋ ಬಾಯಿ ಮೊದಲೋ

ಹಾಡು ವಾದ್ಯದ ಮೇಲೆ ಹುಟ್ಟಿತೇ, ಗಂಟಲಲ್ಲಿ ಹುಟ್ಟಿತೇ? ಡೆಮೊದಲ್ಲಿ ಗಿಟಾರಿನ ರಿಫ್ (ಮರುಕಳಿಸುವ ಚಿಕ್ಕ ಸ್ವರಗುಚ್ಛ) ಅಳುಕಿಲ್ಲದೆ ಸಾಗುತ್ತಿದ್ದು ಹಾಡುವವರು ಅದರ ಮೇಲೆ ಒಂದೆರಡು ಸ್ವರಗಳಲ್ಲೇ ಸುತ್ತುತ್ತಿದ್ದರೆ ಕೈ ಮೊದಲು ಹೊರಟಿದೆ ಎನ್ನಬಹುದು. ಹಾಡಿನ ಎಳೆ ದೃಢವಾಗಿದ್ದು, ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುವ ಜಾಗದಲ್ಲಿ ಗಿಟಾರು ಅರೆಗಳಿಗೆ ತಡೆದು ಹುಡುಕುತ್ತಿದ್ದರೆ ಬಾಯಿ ಮೊದಲು. ನೀವೇ ಗಿಟಾರು ಹಿಡಿದು ಅದೇ ಕಾರ್ಡ್‌ಗಳನ್ನು ನುಡಿಸಿ ನೋಡಿ. ಒಂದು ಕಾರ್ಡಿನಿಂದ ಇನ್ನೊಂದಕ್ಕೆ ಒಂದೇ ಬೆರಳು ಕದಲಿದರೆ ಸಾಕಾಗುವಂತಿದ್ದರೆ, ಆ ತಿರುವು ತಲೆಗಿಂತ ಮೊದಲು ಬೆರಳಿಗೆ ಹೊಳೆದಿರುವ ಸಂಭವವೇ ಹೆಚ್ಚು.

ಈಷರ್ ಡೆಮೊಗಳು ಇಲ್ಲಿಯೂ ಪಾಠ ಹೇಳುತ್ತವೆ. ಆ ಹಾಡುಗಳಲ್ಲಿ ಹೆಚ್ಚಿನವು ಅದೇ ವರ್ಷದ ಮೊದಲ ತಿಂಗಳುಗಳಲ್ಲಿ ತಂಡದವರು ಹೃಷಿಕೇಶದಲ್ಲಿದ್ದಾಗ, ಕೈಯಲ್ಲಿ ಅಕೂಸ್ಟಿಕ್ ಗಿಟಾರುಗಳಷ್ಟೇ ಇದ್ದಾಗ ಹುಟ್ಟಿದವು. ಅಲ್ಲಿ ಜೊತೆಗಿದ್ದ ಗಾಯಕ ಡೊನೊವನ್ ಅವರಿಂದ ತಂಡದ ಜಾನ್ ಲೆನನ್ ಒಂದೊಂದೇ ತಂತಿಯನ್ನು ಬೆರಳಿನಿಂದ ಮೀಟುವ ಶೈಲಿಯನ್ನು ಕಲಿತರು. ಹೊಸದಾಗಿ ಕಲಿತ ಕೈಚಳಕ ಹೊಸ ಹಾಡನ್ನು ಹೇಗೆ ಎಳೆದು ತರುತ್ತದೆ ಎಂಬುದಕ್ಕೆ ‘ಡಿಯರ್ ಪ್ರೂಡೆನ್ಸ್’ ಮತ್ತು ‘ಜೂಲಿಯಾ’ ಡೆಮೊಗಳನ್ನು ಕೇಳಬೇಕು. ಆ ಮೀಟುವಿಕೆಯನ್ನು ತೆಗೆದುಹಾಕಿದರೆ ಹಾಡೇ ಉಳಿಯುವುದಿಲ್ಲ.

ಆರನೆಯ ಹೆಜ್ಜೆ: ಇಲ್ಲದಿರುವುದನ್ನು ಎಣಿಸಿ

ಮೂರನೆಯ ಹೆಜ್ಜೆಯ ಪಟ್ಟಿಗಳನ್ನು ಈಗ ಮತ್ತೆ ತೆಗೆಯಿರಿ. ಮುಗಿದ ಹಾಡಿನಲ್ಲಿದ್ದು ಡೆಮೊದಲ್ಲಿ ಇಲ್ಲದ ಭಾಗಗಳ ಕೆಳಗೆ ಗೆರೆ ಎಳೆಯಿರಿ. ‘ಹ್ಯಾಪಿನೆಸ್ ಈಸ್ ಅ ವಾರ್ಮ್ ಗನ್’ ಹಾಡಿನ ಈಷರ್ ಡೆಮೊದಲ್ಲಿ ಮುಗಿದ ಹಾಡಿನ ಆರಂಭವೂ ಇಲ್ಲ, ಶೀರ್ಷಿಕೆಯ ಸಾಲು ಮೊಳಗುವ ಕೊನೆಯ ಭಾಗವೂ ಇಲ್ಲ; ಇರುವುದು ಹೊಟ್ಟೆಯ ಭಾಗ ಮಾತ್ರ. ಮುಗಿದ ರೂಪದಲ್ಲಿ ಒಂದು ಭಾಗ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತ ಹರಿಯುವುದನ್ನು ಕೇಳಿದವರಿಗೆ ಅದನ್ನು ಮೊದಲಿನಿಂದ ಕೊನೆಯವರೆಗೆ ಬರೆದಿರಬೇಕು ಎನ್ನಿಸುತ್ತದೆ. ಡೆಮೊ ಕೇಳಿದವರಿಗೆ, ನಡುವಣ ತುಣುಕೊಂದಕ್ಕೆ ಆಮೇಲೆ ತಲೆ ಮತ್ತು ಕಾಲು ಜೋಡಿಸಿದ್ದು ಎಂದು ತಿಳಿಯುತ್ತದೆ.

‘ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್’ ಇನ್ನೂ ಉದ್ದದ ಏಣಿ. ಲೆನನ್ 1966ರಲ್ಲಿ ಚಿತ್ರೀಕರಣಕ್ಕೆಂದು ಸ್ಪೇನಿನ ಅಲ್ಮೆರಿಯಾದಲ್ಲಿದ್ದಾಗ ಮುದ್ರಿಸಿದ ಮೊದಲ ತುಣುಕುಗಳಲ್ಲಿ ಇರುವುದು ಒಂದು ಚರಣದ ಹುಡುಕಾಟ. ಈಗ ಎಲ್ಲರ ಬಾಯಲ್ಲಿರುವ ಪಲ್ಲವಿ ಹೆಜ್ಜೆಹೆಜ್ಜೆಯಾಗಿ ಬಂದು ಸೇರಿತು. ಸ್ಟುಡಿಯೊದಲ್ಲಿಯೂ ಹಾಡು ಒಂದು ರೂಪಕ್ಕೆ ನಿಲ್ಲದೆ, ಕೊನೆಗೆ ಬೇರೆಬೇರೆ ಶ್ರುತಿ ಮತ್ತು ವೇಗದ ಎರಡು ಟೇಕ್‌ಗಳನ್ನು (ಹಾಡನ್ನು ಒಮ್ಮೆ ನುಡಿಸಿ ಮುದ್ರಿಸಿದ್ದೇ ಒಂದು ಟೇಕ್), ಏಳನೆಯದು ಮತ್ತು ಇಪ್ಪತ್ತಾರನೆಯದನ್ನು, ಟೇಪಿನ ವೇಗ ಬದಲಿಸಿ ಬೆಸೆಯಬೇಕಾಯಿತು. ಎರಡನೆಯ ಹೆಜ್ಜೆಯಲ್ಲಿ ಹೇಳಿದ ವೇಗ ಮತ್ತು ಶ್ರುತಿಯ ನಂಟು ಇಲ್ಲಿ ದೋಷವಾಗದೆ ಉಪಕರಣವಾಯಿತು ಎಂಬುದನ್ನು ಗಮನಿಸಿ.

ಡೆಮೊದಲ್ಲಿದ್ದು ಆಲ್ಬಂಗೆ ಬಾರದ ಹಾಡುಗಳನ್ನೂ ಬಿಡಬೇಡಿ. ಈಷರ್‌ನಲ್ಲಿ ಮುದ್ರಿಸಿದ ‘ಚೈಲ್ಡ್ ಆಫ್ ನೇಚರ್’ ಆ ವರ್ಷದ ಆಲ್ಬಂಗೆ ಸೇರಲಿಲ್ಲ; ಅದೇ ರಾಗಕ್ಕೆ ಪೂರ್ತಿ ಬೇರೆಯ ಸಾಹಿತ್ಯ ತೊಡಿಸಿ ಲೆನನ್ 1971ರಲ್ಲಿ ‘ಜೆಲಸ್ ಗೈ’ ಮಾಡಿದರು. ಪ್ರಕೃತಿಯನ್ನು ಕುರಿತ ಹಾಡು ಪಶ್ಚಾತ್ತಾಪದ ಹಾಡಾಗಲು ರಾಗದಲ್ಲಿ ಏನೂ ಬದಲಾಗಬೇಕಾಗಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಅಚ್ಚರಿಗೊಳಿಸುತ್ತದೆ.

ಏಳನೆಯ ಹೆಜ್ಜೆ: ಉಳಿದವರು ಏನು ತಂದರು

ಒಂಟಿ ಡೆಮೊವನ್ನು ಬ್ಯಾಂಡಿನ ಮುದ್ರಣದಿಂದ ಕಳೆದರೆ ಉಳಿಯುವುದು ಇತರರ ಪಾಲು. ಲೆಕ್ಕ ಸರಳವಾಗಿ ಕಂಡರೂ ಎಡವುವ ಜಾಗವಿದು. ‘ದಿ ಹೂ’ ಎಂಬ ಬ್ರಿಟಿಷ್ ರಾಕ್ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ತಮ್ಮ ಮನೆಯ ಸ್ಟುಡಿಯೊದಲ್ಲಿ ಬೇಸ್, ಡ್ರಮ್ಸ್ ಎಲ್ಲವನ್ನೂ ತಾವೇ ನುಡಿಸಿ ಡೆಮೊ ಸಿದ್ಧಪಡಿಸುತ್ತಿದ್ದರು. 1983ರಲ್ಲಿ ಅಂಥವನ್ನು ಆಯ್ದು ‘ಸ್ಕೂಪ್’ ಎಂಬ ಸಂಗ್ರಹವನ್ನೇ ತಂದರು. ‘ಬಾಬಾ ಓ’ರೈಲಿ’ ಹಾಡಿನ ಆರಂಭದಲ್ಲಿ ಗಿರಕಿ ಹೊಡೆಯುವ ಆರ್ಗನ್ ಅವರ ಮನೆಯ ಮುದ್ರಣದಿಂದಲೇ ಕತ್ತರಿಸಿ ತಂದದ್ದು. ಬ್ಯಾಂಡು ಅದರ ಮೇಲೆ ನುಡಿಸಿತು. ಹಾಗಾದರೆ ಉಳಿದ ಮೂವರು ಬರಿಯ ಕೂಲಿಗಳೇ? ಡ್ರಮ್ಸ್‌ನ ಜಾಗವಷ್ಟನ್ನೇ ತೆಗೆದುಕೊಂಡು ಹೋಲಿಸಿ. ಟೌನ್‌ಶೆಂಡ್ ಡೆಮೊಗಳಲ್ಲಿ ಡ್ರಮ್ಸ್ ಹಾಡಿಗೆ ಕಾಲ ಹಾಕುತ್ತದೆ. ತಂಡದ ಡ್ರಮ್ಮರ್ ಕೀತ್ ಮೂನ್ ಕೈಗೆ ಬಂದಾಗ ಅದು ಹಾಡಿನೊಡನೆ ಜಗಳಕ್ಕೇ ನಿಲ್ಲುತ್ತದೆ. ಸ್ವರಗಳ ಪಟ್ಟಿಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಆದ್ದರಿಂದ ಏನನ್ನು ನುಡಿಸಿದರು ಎಂಬ ಪಟ್ಟಿಯ ಪಕ್ಕದಲ್ಲಿ ಹೇಗೆ ನುಡಿಸಿದರು ಎಂಬ ಇನ್ನೊಂದು ಸಾಲನ್ನು ಕಡ್ಡಾಯವಾಗಿ ಇಟ್ಟುಕೊಳ್ಳಿ.

ಎಂಟನೆಯ ಹೆಜ್ಜೆ: ಡೆಮೊವೇ ಗೆದ್ದ ಕಡೆ ಕಾರಣ ಹುಡುಕಿ

ಸ್ಪ್ರಿಂಗ್‌ಸ್ಟೀನ್ ಅವರ ಆ ಕ್ಯಾಸೆಟ್ಟಿಗೆ ಮರಳೋಣ. ಅದನ್ನು ಮುದ್ರಿಸಿದ್ದು ಬ್ಯಾಂಡಿಗೆ ಹಾಡು ಕಲಿಸಲು. ಬ್ಯಾಂಡು ಸ್ಟುಡಿಯೊದಲ್ಲಿ ಪ್ರಯತ್ನಿಸಿತು, ಆದರೆ ಡಬ್ಬಿಯೂ ಇಲ್ಲದೆ ಜೇಬಿನಲ್ಲಿಟ್ಟುಕೊಂಡು ತಿರುಗಾಡಿದ್ದ ಆ ಕ್ಯಾಸೆಟ್ಟಿನ ಗುಣ ಮರಳಿ ಸಿಗಲಿಲ್ಲ. 1982ರ ಸೆಪ್ಟೆಂಬರಿನಲ್ಲಿ ಅದೇ ಮನೆಯ ಮುದ್ರಣ ‘ನೆಬ್ರಾಸ್ಕ’ ಆಲ್ಬಂ ಆಗಿ ಹೊರಬಂತು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೆಚ್ಚು ಕಲಿಸುವುದು ಅದೇ ಕ್ಯಾಸೆಟ್ಟಿನ ಇನ್ನೊಂದು ಹಾಡು: ‘ಬಾರ್ನ್ ಇನ್ ದ ಯುಎಸ್ಎ’. ಅದರ ಒಂಟಿ ಗಿಟಾರಿನ ಡೆಮೊ 1998ರ ‘ಟ್ರ್ಯಾಕ್ಸ್’ ಸಂಗ್ರಹದಲ್ಲಿದೆ. ಒಂದೇ ಕೋಣೆ, ಒಂದೇ ಯಂತ್ರ, ಒಬ್ಬನೇ ಗಾಯಕ. ಆದರೂ ಈ ಹಾಡು ಬ್ಯಾಂಡಿನ ಡ್ರಮ್ಸ್ ಮತ್ತು ಸಿಂಥಸೈಜರ್‌ಗಳ ಅಬ್ಬರದಲ್ಲಿ 1984ರಲ್ಲಿ ಹೊರಬಂದಾಗ ಬೇರೆಯೇ ಜನ್ಮ ಪಡೆದಿತ್ತು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ. ನನಗೆ ತೋರುವ ಕಾರಣವಿದು: ನೆಬ್ರಾಸ್ಕದ ಹಾಡುಗಳಲ್ಲಿ ಮಾತನಾಡುವವನು ಒಬ್ಬನೇ ಕುಳಿತು ತಪ್ಪೊಪ್ಪಿಕೊಳ್ಳುತ್ತಾನೆ, ಅಂಥವನ ಹಿಂದೆ ಬ್ಯಾಂಡು ನಿಂತರೆ ಅವನ ಒಂಟಿತನವೇ ಸುಳ್ಳಾಗುತ್ತದೆ, ಈ ಹಾಡಿನ ಮಾಜಿ ಸೈನಿಕ ಕೂಗುತ್ತಾನೆ, ಕೂಗಿಗೆ ಗುಂಪು ಬೇಕು. ಡೆಮೊದಲ್ಲಿ ಆ ಕೂಗು ಗಂಟಲಲ್ಲೇ ಸಿಕ್ಕಿಕೊಂಡಂತಿದೆ.

ಕೊನೆಯ ಹೆಜ್ಜೆ: ಕೇಳಿಸಿದ್ದನ್ನೂ ಊಹಿಸಿದ್ದನ್ನೂ ಬೇರೆ ಬಣ್ಣದಲ್ಲಿ ಬರೆಯಿರಿ

ನಿಮ್ಮ ಟಿಪ್ಪಣಿಯನ್ನು ಬರಹವಾಗಿಸುವಾಗ ‘ಎರಡನೆಯ ಚರಣ ಡೆಮೊದಲ್ಲಿ ಇಲ್ಲ’ ಎಂಬುದು ಕೇಳಿಸಿದ್ದು. ‘ಎರಡನೆಯ ಚರಣವನ್ನು ಆಮೇಲೆ ಬರೆದರು’ ಎಂಬುದು ಊಹೆ. ಬರೆದಿಟ್ಟಿದ್ದು ಆ ದಿನ ಹಾಡದೆ ಬಿಟ್ಟಿರಲೂಬಹುದು. ನಾನು ಮೊದಲನೆಯದಕ್ಕೆ ನೀಲಿ, ಎರಡನೆಯದಕ್ಕೆ ಕೆಂಪು ಶಾಯಿ ಬಳಸುತ್ತೇನೆ. ಪುಟವೆಲ್ಲ ಕೆಂಪಾದರೆ ಮತ್ತೆ ಹೆಡ್‌ಫೋನು ಹಾಕಿಕೊಳ್ಳುತ್ತೇನೆ.

ಬರೆದವರೇ ಇಲ್ಲವಾದ ಮೇಲೆ ಮುಗಿಸಿದ ಹಾಡುಗಳಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು. ಲೆನನ್ 1970ರ ದಶಕದ ಕೊನೆಯ ವರ್ಷಗಳಲ್ಲಿ ಮನೆಯ ಪಿಯಾನೊ ಮುಂದೆ ಕುಳಿತು ಕ್ಯಾಸೆಟ್ಟಿಗೆ ಹಾಡಿಕೊಂಡ ‘ನೌ ಆ್ಯಂಡ್ ದೆನ್’ ಡೆಮೊದಲ್ಲಿ ಧ್ವನಿಯೂ ಪಿಯಾನೊವೂ ಬಿಡಿಸಲಾಗದಂತೆ ಬೆರೆತಿದ್ದವು. 1995ರಲ್ಲಿ ಬೀಟಲ್ಸ್ ತಂಡದ ಉಳಿದ ಸದಸ್ಯರು ಪ್ರಯತ್ನಿಸಿ ಕೈಬಿಟ್ಟರು. ಯಂತ್ರಕಲಿಕೆಯ (ಮಷಿನ್ ಲರ್ನಿಂಗ್) ತಂತ್ರದಿಂದ ಧ್ವನಿಯನ್ನು ಬೇರ್ಪಡಿಸಿದ ಮೇಲೆ 2023ರ ನವೆಂಬರಿನಲ್ಲಿ ಹಾಡು ಹೊರಬಂತು. ಡೆಮೊದಲ್ಲಿದ್ದ, ಪಲ್ಲವಿಗೆ ಮುನ್ನ ಬರುವ ಒಂದು ಭಾಗ ಅದರಲ್ಲಿ ಇಲ್ಲ. ಅದನ್ನು ಬಿಟ್ಟದ್ದು ಬದುಕಿದ್ದವರ ತೀರ್ಮಾನ. ಹೀಗಾಗಿ ಈ ಜೋಡಿಯನ್ನು ಹೋಲಿಸುವಾಗ ಆರನೆಯ ಹೆಜ್ಜೆಯ ಪಟ್ಟಿಯ ತಲೆಬರಹವನ್ನೇ ಬದಲಿಸಬೇಕಾಗುತ್ತದೆ: ಕಳೆದದ್ದರ ಎದುರು ಕಳೆದವರು ಯಾರು ಎಂದೂ ಬರೆದುಕೊಳ್ಳಿ.